ಕೆಲಸದ ರಾಸಾಯನಿಕದಿಂದ ಕಾಯಿಲೆ: ದಾವೆಗೆ ಮೊದಲು ಕಡತ

ಯಂತ್ರಕ್ಕೆ ಸಿಕ್ಕಿ ಬೆರಳು ಹೋದರೆ ಅದಕ್ಕೆ ದಿನ, ಹೊತ್ತು, ಸಾಕ್ಷಿ ಎಲ್ಲವೂ ಇರುತ್ತವೆ. ರಾಸಾಯನಿಕದಿಂದಾಗುವ ಹಾನಿಗೆ ಇದಾವುದೂ ಇರುವುದಿಲ್ಲ. ಉಸಿರಿನೊಂದಿಗೆ ಒಳಹೋದ ಕಲ್ನಾರಿನ (ಆಸ್ಬೆಸ್ಟಾಸ್) ಎಳೆ ಶ್ವಾಸಕೋಶದ ಪೊರೆಯಲ್ಲಿ ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳಲು 20ರಿಂದ 40 ವರ್ಷ ಹಿಡಿಯಬಹುದು. ಅಷ್ಟರಲ್ಲಿ ಕಾರ್ಖಾನೆಯೇ ಮುಚ್ಚಿರಬಹುದು, ಕೈ ಬದಲಾಗಿರಬಹುದು. ಕಾನೂನಿನ ವಿವರಗಳು ದೇಶದಿಂದ ದೇಶಕ್ಕೆ ಬೇರೆ. ಆದರೆ ಕಾಯಿಲೆಗೂ ಕೆಲಸಕ್ಕೂ ಇರುವ ನಂಟನ್ನು ಕಾಗದದಲ್ಲಿ ತೋರಿಸದೆ ಎಲ್ಲಿಯೂ ಪರಿಹಾರ ಸಿಗುವುದಿಲ್ಲ.

ಮೊದಲು ವೈದ್ಯರು, ಆಮೇಲೆ ವಕೀಲರು

ಸಾಧ್ಯವಾದರೆ ಔದ್ಯೋಗಿಕ ಕಾಯಿಲೆಗಳ ತಜ್ಞರನ್ನೇ ಕಾಣಿ. ನೀವು ಮಾಡುವ ಕೆಲಸ, ಬಳಸುವ ವಸ್ತು, ಎಷ್ಟು ವರ್ಷದಿಂದ ಎಂಬುದನ್ನು ಚಿಕಿತ್ಸೆಯ ದಾಖಲೆಯಲ್ಲಿ ಬರೆಯುವಂತೆ ಕೇಳಿ. ‘ಕೆಮ್ಮು, ಉಬ್ಬಸ’ ಎಂದಷ್ಟೇ ಬರೆದ ಚೀಟಿಗೆ ಔಷಧ ಸಿಗುತ್ತದೆ, ಪರಿಹಾರ ಸಿಗುವುದಿಲ್ಲ.

ಪರೀಕ್ಷೆಗೂ ಹೊತ್ತು ಗೊತ್ತಿದೆ. ಬೆಂಜೀನ್ ದೇಹ ಸೇರಿದ್ದರ ಗುರುತು ಮೂತ್ರದಲ್ಲಿ ಒಂದೆರಡು ದಿನಗಳಲ್ಲಿ ಅಳಿಸಿಹೋಗುತ್ತದೆ. ಪಾಳಿ ಮುಗಿದ ಕೂಡಲೇ ಮಾದರಿ ಕೊಡಬೇಕು. ಎರಡು ವಾರ ರಜೆ ಹಾಕಿ, ಸುಧಾರಿಸಿಕೊಂಡು ಹೋದರೆ ವರದಿ ‘ಸಹಜ’ ಎಂದು ಬರುತ್ತದೆ. ಮುಂದೆ ಅದೇ ವರದಿಯನ್ನು ಎದುರು ಪಕ್ಷದವರು ನ್ಯಾಯಾಲಯದಲ್ಲಿ ಹಾಜರುಪಡಿಸುತ್ತಾರೆ. ಸೀಸ ಹಾಗಲ್ಲ. ಅದು ರಕ್ತದಲ್ಲಿ ವಾರಗಟ್ಟಲೆ, ಮೂಳೆಯಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಸ್ಪ್ರೇ ಪೇಂಟಿಂಗ್ ಮಾಡುವವರಿಗೆ ಬಣ್ಣದಲ್ಲಿರುವ ಐಸೋಸಯನೇಟ್ ಎಂಬ ರಾಸಾಯನಿಕದಿಂದ ಬರುವ ಅಸ್ತಮಾ ಇದ್ದರೆ ಪೀಕ್ ಫ್ಲೋ ಮೀಟರ್ ಸಾಕು. ಅದು ಊದಿದ ಉಸಿರಿನ ವೇಗ ಅಳೆಯುವ, ಕೈಯಲ್ಲಿ ಹಿಡಿಯುವ ಉಪಕರಣ. ದಿನಕ್ಕೆ ನಾಲ್ಕು ಬಾರಿಯಾದರೂ ಊದಿ, ರಜಾ ದಿನಗಳನ್ನೂ ಬಿಡದೆ, ನಾಲ್ಕು ವಾರ ಅಂಕಿ ಬರೆದಿಡಿ. ಕೆಲಸದ ದಿನ ಇಳಿದು ರಜೆಯಲ್ಲಿ ಏರುವ ಅಂಕಿಗಳನ್ನು ಓದಲು ನ್ಯಾಯಾಧೀಶರಿಗೆ ವೈದ್ಯಶಾಸ್ತ್ರ ಗೊತ್ತಿರಬೇಕಿಲ್ಲ.

ಡ್ರಮ್ಮಿನ ಜಾತಕ

‘ಥಿನ್ನರ್’, ‘ಕ್ಲೀನರ್’ ಎಂಬ ಹೆಸರುಗಳು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಅಪಾಯಕಾರಿ ರಾಸಾಯನಿಕದ ಜತೆ 16 ವಿಭಾಗಗಳ ಸುರಕ್ಷತಾ ಮಾಹಿತಿ ಪತ್ರ ಬರುತ್ತದೆ. ಅದರ ಮೂರನೇ ವಿಭಾಗದಲ್ಲಿ ಒಳಗಿರುವ ವಸ್ತುಗಳೂ ಅವುಗಳ ಸಿಎಎಸ್ ಸಂಖ್ಯೆಯೂ (ಪ್ರತಿ ರಾಸಾಯನಿಕಕ್ಕೆ ಇರುವ ಪ್ರತ್ಯೇಕ ಗುರುತಿನ ಸಂಖ್ಯೆ) ಇರುತ್ತವೆ. ಡ್ರಮ್ಮಿನ ಮೇಲೆ ಯಾವ ಹೆಸರೇ ಇರಲಿ, 71-43-2 ಎಂದಿದ್ದರೆ ಅದು ಬೆಂಜೀನ್. ಹನ್ನೊಂದನೇ ವಿಭಾಗ ದೇಹಕ್ಕಾಗುವ ಹಾನಿಯನ್ನು ಹೇಳುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಎಂಟನೆಯದು. ಆವಿಯನ್ನು ಹೀರುವ ಕಾರ್ಟ್ರಿಜ್ ಇರುವ ಮುಖವಾಡ ಬೇಕೆಂದು ಅಲ್ಲಿ ಬರೆದಿದ್ದು, ನಿಮಗೆ ಬಟ್ಟೆಯ ಮಾಸ್ಕ್ ಕೊಟ್ಟಿದ್ದರೆ ನಿರ್ಲಕ್ಷ್ಯದ ವಾದಕ್ಕೆ ಅರ್ಧ ಕೆಲಸ ಮುಗಿದಂತೆ. ಮೊದಲ ವಿಭಾಗದಲ್ಲಿರುವ ತಯಾರಕರ ಹೆಸರನ್ನೂ ಬರೆದುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಪತ್ರ ಕೇಳುವುದು ಉಪಕಾರ ಬೇಡಿದಂತಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1990ರ ರಾಸಾಯನಿಕ ಒಡಂಬಡಿಕೆ ಕಾರ್ಮಿಕರಿಗೆ ಈ ಹಕ್ಕು ಕೊಟ್ಟಿದೆ. ಗಂಭೀರ ಅಪಾಯ ಎದುರಾಗಿದೆ ಎನ್ನಲು ತಕ್ಕ ಕಾರಣವಿದ್ದರೆ, ಮೇಲ್ವಿಚಾರಕರಿಗೆ ತಿಳಿಸಿ ಅಲ್ಲಿಂದ ಸರಿಯುವ ಹಕ್ಕನ್ನೂ ಅದು ಮಾನ್ಯ ಮಾಡುತ್ತದೆ. ನಿಮ್ಮ ದೇಶ ಅದನ್ನು ಅನುಮೋದಿಸಿದೆಯೇ, ಸ್ವಂತ ಕಾನೂನಿನಲ್ಲಿ ಏನಿದೆ ಎಂದು ಕಾರ್ಮಿಕ ಸಂಘದಲ್ಲಿ ವಿಚಾರಿಸಿ. ಕೇಳುವುದೆಲ್ಲ ಬರಹದಲ್ಲಿರಲಿ, ಅದರ ಒಂದು ಪ್ರತಿ ಮನೆಯಲ್ಲಿರಲಿ.

ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತೆಂದು ಕೈಚೆಲ್ಲಬೇಡಿ. ಅಮೆರಿಕದಲ್ಲಿ ಕಾರ್ಮಿಕರು ವಿಷವಸ್ತುವಿಗೆ ಒಡ್ಡಿಕೊಂಡ ದಾಖಲೆಗಳನ್ನು 30 ವರ್ಷ ಕಾಪಿಡಬೇಕು. ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಗಳನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯಿಂದ 15 ವರ್ಷ, ಯಾವುದು ನಂತರವೋ ಅಲ್ಲಿಯವರೆಗೆ ಇಡಬೇಕೆಂದು ಭಾರತದ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ.

ಯಾರ ಮೇಲೆ, ಎಲ್ಲಿ

ಮೊದಲ ದಾರಿ ಕಾರ್ಮಿಕ ವಿಮೆ ಅಥವಾ ಪರಿಹಾರ ನಿಧಿ. ಇಲ್ಲಿ ಸಾಮಾನ್ಯವಾಗಿ ಮಾಲೀಕರ ತಪ್ಪನ್ನು ಸಾಬೀತು ಮಾಡಬೇಕಿಲ್ಲ. ಅನೇಕ ದೇಶಗಳಲ್ಲಿ ಔದ್ಯೋಗಿಕ ಕಾಯಿಲೆಗಳ ಪಟ್ಟಿಯೇ ಇದೆ. ನಿಮ್ಮ ಕಾಯಿಲೆ, ಕೆಲಸ ಎರಡೂ ಅದಕ್ಕೆ ತಾಳೆಯಾದರೆ ಹೊರೆ ಹಗುರ. ಆದರೆ ಮೊತ್ತಕ್ಕೆ ಮಿತಿಯಿದೆ. ಜತೆಗೆ, ಅಮೆರಿಕದ ಬಹುತೇಕ ರಾಜ್ಯಗಳಂತೆ ಕೆಲವೆಡೆ ಈ ವ್ಯವಸ್ಥೆಯಿರುವ ಕಾರಣಕ್ಕೇ ಮಾಲೀಕರ ಮೇಲೆ ದಾವೆ ಹೂಡುವ ಹಕ್ಕು ಬಹುಮಟ್ಟಿಗೆ ಇಲ್ಲವಾಗುತ್ತದೆ.

ಮಾಲೀಕರನ್ನು ಬಿಟ್ಟರೆ ರಾಸಾಯನಿಕ ತಯಾರಿಸಿದವರು ಉಳಿಯುತ್ತಾರೆ. ಎಚ್ಚರಿಕೆ ಕೊಡದೆ ಕಲ್ನಾರಿನ ಸಾಮಗ್ರಿ ಮಾರಿದ ಕಂಪನಿಗಳೇ ಕಾರ್ಮಿಕನಿಗೆ ಹೊಣೆ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 1973ರಲ್ಲಿ, ಬೋರೆಲ್ ಪ್ರಕರಣದಲ್ಲಿ, ಒಪ್ಪಿತು. ಗೆದ್ದ ಹಣದಲ್ಲಿ, ಮೊದಲು ಪರಿಹಾರ ಕೊಟ್ಟ ವಿಮಾ ಸಂಸ್ಥೆ ಪಾಲು ಕೇಳಬಹುದೇ ಎಂದು ವಕೀಲರಿಂದ ಮೊದಲೇ ತಿಳಿದುಕೊಳ್ಳಿ.

ನಾಲ್ಕು ಕಡೆ ದುಡಿದಿದ್ದು, ಕಾಯಿಲೆ ಯಾರಲ್ಲಿ ಅಂಟಿತೆಂದು ಹೇಳಲಾಗದಿದ್ದರೆ? ಪ್ರತಿಯೊಬ್ಬ ಮಾಲೀಕರೂ ಪಕ್ಕದವರತ್ತ ಬೆರಳು ತೋರಿಸುತ್ತಾರೆ. ಬ್ರಿಟನ್ನಿನಲ್ಲಿ 2002ರ ಫೇರ್‌ಚೈಲ್ಡ್ ತೀರ್ಪು ಕಲ್ನಾರಿನ ಕ್ಯಾನ್ಸರ್ ವಿಷಯದಲ್ಲಿ ಈ ಆಟ ನಿಲ್ಲಿಸಿತು: ನಿರ್ಲಕ್ಷ್ಯದಿಂದ ಅಪಾಯವನ್ನು ಗಣನೀಯವಾಗಿ ಹೆಚ್ಚಿಸಿದವರು ಹೊಣೆ ಹೊರಬೇಕು. ಆದ್ದರಿಂದ ಹಳೆಯ ಸಂಬಳದ ಚೀಟಿ, ಗುರುತಿನ ಚೀಟಿ ಒಂದನ್ನೂ ಎಸೆಯಬೇಡಿ.

ಕಾರ್ಮಿಕ ನಿರೀಕ್ಷಕರಿಗೆ ಕೊಡುವ ದೂರಿನಿಂದ ಸಾಮಾನ್ಯವಾಗಿ ಹಣ ಬರುವುದಿಲ್ಲ. ಆದರೆ ಅವರು ಗಾಳಿಯನ್ನು ಅಳೆದು ಬರೆದ ವರದಿಯಂಥ ಸಾಕ್ಷ್ಯ ನಿಮಗೆ ಬೇರೆಡೆ ಸಿಗುವುದು ಕಷ್ಟ.

ಕಾಲಮಿತಿ ಮತ್ತು ಸಹಿ

ವಕೀಲರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಗೆಲ್ಲುತ್ತೇವೆಯೇ ಎಂಬುದಲ್ಲ, ಗಡುವು ಎಂದಿನಿಂದ ಶುರು ಎಂಬುದು. ಬ್ರಿಟನ್ನಿನಲ್ಲಿ ಸಾಮಾನ್ಯ ಗಡುವು ಮೂರು ವರ್ಷ. ಕಾಯಿಲೆ ಗಂಭೀರವೆಂದೂ ಅದಕ್ಕೆ ಕೆಲಸ ಕಾರಣವೆಂದೂ ತಿಳಿದ ದಿನದಿಂದ ಅದನ್ನು ಎಣಿಸಬಹುದು. ‘ಇದು ಕೆಲಸದಿಂದ ಬಂದಿರಬಹುದು’ ಎಂದು ವೈದ್ಯರು ಹೇಳಿದ ದಿನಾಂಕವನ್ನು ಅದಕ್ಕೇ ಬರೆದಿಡಬೇಕು. ಮಾಲೀಕರಿಗೆ ನೋಟಿಸ್ ಕೊಡುವ ಗಡುವು ಬೇರೆಯೇ ಇರಬಹುದು, ತೀರಾ ಚಿಕ್ಕದೂ ಇರಬಹುದು.

ಕೊನೆಗೆ ರಾಜಿ ಪತ್ರ. ‘ಪೂರ್ಣ ಮತ್ತು ಅಂತಿಮ’ ಎಂಬ ಸಾಲು ಕಂಡರೆ ಪೆನ್ನು ಕೆಳಗಿಡಿ. ಇಂದು ಪರಿಹಾರ ಸಿಕ್ಕಿರುವುದು ಉಬ್ಬಸಕ್ಕೆ. ಹತ್ತು ವರ್ಷದ ನಂತರ ಕ್ಯಾನ್ಸರ್ ಬಂದರೆ ಆ ಸಾಲು ಬಾಗಿಲು ಮುಚ್ಚಿರುತ್ತದೆ. ಇಂಗ್ಲೆಂಡಿನಲ್ಲಿ ತಾತ್ಕಾಲಿಕ ಪರಿಹಾರ ಪಡೆದು, ಆದೇಶದಲ್ಲಿ ಹೆಸರಿಸಿದ ಕಾಯಿಲೆ ಮುಂದೆ ಬಂದರೆ ಮತ್ತೆ ನ್ಯಾಯಾಲಯಕ್ಕೆ ಹೋಗುವ ಅವಕಾಶವಿದೆ. ಅಂಥದ್ದು ಇಲ್ಲದ ಕಡೆ, ಹಣ ಯಾವ ಕಾಯಿಲೆಗೆ ಎಂಬುದನ್ನು ಹೆಸರಿಸಿ, ಉಳಿದವು ಈ ರಾಜಿಯಲ್ಲಿ ಸೇರಿಲ್ಲ ಎಂದು ಬರೆಸಲು ವಕೀಲರಿಗೆ ಹೇಳಿ.