ಅಂಗಳದಲ್ಲೊಂದು ಅರಮನೆ: ಮಗಳ ಹುಟ್ಟುಹಬ್ಬಕ್ಕೆ ರಾಜಕುಮಾರಿಯ ಸಡಗರ

ಐದಾರು ವರ್ಷದ ಮಗಳು ‘ಈ ಸಲದ ಹುಟ್ಟುಹಬ್ಬಕ್ಕೆ ನಾನು ರಾಜಕುಮಾರಿ’ ಎಂದ ಕೂಡಲೇ ಗುಲಾಬಿ ಬಣ್ಣದ ಗೌನು ಕೊಳ್ಳಲು ಪೇಟೆಗೆ ಹೊರಡಬೇಡಿ. ಮೊದಲು ಅವಳ ಪಕ್ಕದಲ್ಲಿ ಕುಳಿತು, ರಾಜಕುಮಾರಿ ಎಂದರೆ ಯಾರು, ಅವಳ ಮನೆ ಹೇಗಿರುತ್ತದೆ, ಅವಳು ದಿನವಿಡೀ ಏನು ಮಾಡುತ್ತಾಳೆ ಎಂದು ಕೇಳಿ, ಬಂದ ಉತ್ತರವನ್ನು ಅವಳ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ನಮ್ಮ ಮಗಳ ಆರನೇ ಹುಟ್ಟುಹಬ್ಬಕ್ಕೆ ಮುನ್ನ ನಾನು ಹೀಗೆ ಕೇಳಿದಾಗ ಅವಳು ಹೇಳಿದ್ದು ಮೂರೇ ಸಂಗತಿ: ಅರಮನೆಯ ಬಾಗಿಲಲ್ಲಿ ಆನೆ ಇರಬೇಕು, ತಲೆಯ ಮೇಲೆ ಕಿರೀಟ ಇರಬೇಕು, ಬಂದವರೆಲ್ಲರೂ ಅರಮನೆಯಲ್ಲೇ ಊಟ ಮಾಡಬೇಕು. ಗೌನಿನ ಮಾತೇ ಬರಲಿಲ್ಲ. ಈ ಮೂರು ಸಂಗತಿಗಳನ್ನು ಹಿಡಿದು ಹೊರಟಿದ್ದರಿಂದ ಯಾವುದಕ್ಕೆ ಹಣ ಮತ್ತು ಶ್ರಮ ಹಾಕಬೇಕು, ಯಾವುದನ್ನು ಬಿಡಬಹುದು ಎಂಬುದು ತಾನಾಗಿಯೇ ತೀರ್ಮಾನವಾಯಿತು.

ದಿನ, ಹೊತ್ತು, ಜಾಗ

ಸಿದ್ಧತೆಗೆ ಆರು ವಾರಗಳ ಅವಧಿ ಇರಲಿ. ನಾವಿರುವ ಕೊಡಗಿನಲ್ಲಿ ಮೊದಲು ನೋಡಬೇಕಾದದ್ದು ಆಕಾಶವನ್ನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಟ್ಟುಹಬ್ಬ ಬಂದರೆ ಅಂಗಳದ ಆಸೆಯನ್ನು ಬಿಟ್ಟು, ಮನೆಯ ಜಗಲಿ ಮತ್ತು ನಡುಮನೆಯನ್ನೇ ಅರಮನೆಯನ್ನಾಗಿ ಮಾಡಿಕೊಳ್ಳುವುದು ಜಾಣತನ. ಶಾಮಿಯಾನ ಹಾಕಿದರೂ ಗಾಳಿಯೊಂದಿಗೆ ಬರುವ ಜಡಿಮಳೆ ಪಕ್ಕದಿಂದ ನುಗ್ಗುತ್ತದೆ, ಹುಲ್ಲಿನ ಮೇಲೆ ಓಡಾಡುವ ಮಕ್ಕಳ ಕಾಲಿಗೆ ಜಿಗಣೆ ಹತ್ತುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಹವೆ ಚೆನ್ನಾಗಿರುತ್ತದೆ, ಆದರೆ ತೋಟದ ಮನೆಗಳ ಕಣದ ತುಂಬ ಕಾಫಿ ಹರಡಿರುತ್ತದೆ. ಆ ತಿಂಗಳುಗಳಲ್ಲಿ ಕಣ ಬೇಕಿದ್ದರೆ ಕೊಯ್ಲಿನ ಲೆಕ್ಕ ನೋಡಿಕೊಂಡು, ಒಂದು ಮೂಲೆಯನ್ನಾದರೂ ಎರಡು ದಿನ ಮೊದಲೇ ತೆರವು ಮಾಡಿಸಬೇಕಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಕಣ ಖಾಲಿಯಾಗಿರುತ್ತದೆಯಾದರೂ ಮಧ್ಯಾಹ್ನದ ನಂತರ ಕಾಫಿ ಹೂ ಅರಳಿಸುವ ಹೂಮಳೆ ಬರಬಹುದಾದ್ದರಿಂದ ಟಾರ್ಪಾಲು ಕೈಗೆ ಸಿಗುವಂತಿರಲಿ.

ಹೊತ್ತಿನ ವಿಷಯದಲ್ಲಿ ನನ್ನದು ಖಚಿತ ಅಭಿಪ್ರಾಯ. ಬಣ್ಣದ ದೀಪಗಳು ಚೆನ್ನಾಗಿ ಕಾಣುತ್ತವೆಂದು ಸಂಜೆ ಆರಕ್ಕೆ ಪಾರ್ಟಿ ಇಟ್ಟುಕೊಳ್ಳುವ ರೂಢಿ ನಗರದಿಂದ ಬಂದದ್ದು, ಅದು ನಮ್ಮ ಊರಿಗೆ ಹೊಂದುವುದಿಲ್ಲ. ಕತ್ತಲಾದ ಮೇಲೆ ತೋಟದ ರಸ್ತೆಯಲ್ಲಿ ಕಾಡಾನೆ ಎದುರಾಗಬಹುದೆಂಬ ಭಯವಿರುವ ಕಡೆ, ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಹಿಂದಿರುಗಬೇಕಾದ ತಂದೆತಾಯಿಗಳ ಬಗ್ಗೆ ಯೋಚಿಸಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಆರಂಭಿಸಿ ಮಧ್ಯಾಹ್ನ ಒಂದೂವರೆಗೆ ಮುಗಿಸಿದರೆ ಆರು ವರ್ಷದ ಮಕ್ಕಳ ಉತ್ಸಾಹವೂ ಅಷ್ಟೇ ಹೊತ್ತು ಇರುತ್ತದೆ, ವಿದ್ಯುತ್ ಹೋದರೂ ಯಾವ ತೊಂದರೆಯೂ ಆಗುವುದಿಲ್ಲ.

ಯಾರನ್ನು ಕರೆಯುವುದು

ಇಪ್ಪತ್ತು ಮಕ್ಕಳಿಗಿಂತ ಹೆಚ್ಚು ಬೇಡ, ಐದು ಮಕ್ಕಳಿಗೆ ಒಬ್ಬ ದೊಡ್ಡವರಂತೆ ನೋಡಿಕೊಳ್ಳುವವರು ಇರಲಿ. ಪಟ್ಟಿಯನ್ನು ಬರೆಯುವಾಗ ಶಾಲೆಯ ಗೆಳತಿಯರು ಮತ್ತು ನೆಂಟರ ಮಕ್ಕಳು ಮೊದಲು ನೆನಪಾಗುತ್ತಾರೆ. ಆದರೆ ಮಗಳು ದಿನವೂ ಯಾರೊಂದಿಗೆ ಆಡುತ್ತಾಳೋ ತೋಟದ ಕಾರ್ಮಿಕರು ವಾಸಿಸುವ ಸಾಲುಮನೆಗಳ, ಅಂದರೆ ಲೈನ್ ಮನೆಯ, ಆ ಮಕ್ಕಳ ಹೆಸರು ಎಷ್ಟೋ ಸಲ ಆ ಪಟ್ಟಿಗೆ ಸೇರುವುದೇ ಇಲ್ಲ. ಅವರನ್ನು ಕೊನೆಯಲ್ಲಿ ಕರೆದು ಕೇಕಿನ ತುಂಡು ಕೊಟ್ಟು ಕಳುಹಿಸುವುದನ್ನು ನಾನು ಕಂಡಿದ್ದೇನೆ, ಬಾಗಿಲ ಹೊರಗೆ ನಿಂತ ಆ ಮಕ್ಕಳ ಮುಖವನ್ನೂ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಆಮಂತ್ರಣ ಎಲ್ಲರಿಗೂ ಒಂದೇ ಆಗಿರಲಿ, ಮಗಳೇ ಹೋಗಿ ಕೈಯಲ್ಲಿ ಕೊಡಲಿ.

ಇದೇ ಕಾರಣಕ್ಕೆ ಆಮಂತ್ರಣದಲ್ಲಿ ‘ರಾಜಕುಮಾರಿಯ ಉಡುಪಿನಲ್ಲಿ ಬನ್ನಿ’ ಎಂದು ಬರೆಯುವುದು ಬೇಡ. ಒಂದೇ ದಿನ ತೊಡುವ ಗೌನಿಗೆ ಸಾವಿರಾರು ರೂಪಾಯಿ ಖರ್ಚು ಮಾಡುವ ಭಾರವನ್ನು ಮತ್ತೊಂದು ಮನೆಯ ಮೇಲೆ ಹೊರಿಸುವುದು ಸರಿಯಲ್ಲ. ‘ನಿಮ್ಮ ಕಿರೀಟ ನಮ್ಮ ಅರಮನೆಯ ಬಾಗಿಲಲ್ಲಿ ಕಾಯುತ್ತಿರುತ್ತದೆ’ ಎಂದು ಬರೆದರೆ ಸಾಕು. ಹಳದಿ ಬಣ್ಣದ ದಪ್ಪ ಕಾಗದವನ್ನು ಓಲೆಯಂತೆ ಸುರುಳಿ ಸುತ್ತಿ, ಕೆಂಪು ದಾರ ಕಟ್ಟಿದರೆ ರಾಜರ ಕಾಲದ ನಿರೂಪದಂತೆ ಕಾಣುತ್ತದೆ. ಹತ್ತು ದಿನ ಮುಂಚೆ ಇದು ಎಲ್ಲರ ಕೈ ಸೇರಬೇಕು.

ಅರಮನೆ ಕಟ್ಟುವುದು

ಸಿನಿಮಾದಲ್ಲಿ ಕಾಣುವ ಚೂಪು ಗೋಪುರಗಳ ಕೋಟೆಯೇ ಅರಮನೆಯೆಂದು ಮಕ್ಕಳು ತಿಳಿದಿರುತ್ತಾರೆ. ನಮ್ಮ ಜಿಲ್ಲೆಯಲ್ಲೇ ನಿಜವಾದ ಅರಮನೆಗಳಿರುವಾಗ ಸಿನಿಮಾದ ಕೋಟೆಯನ್ನೇ ನಕಲು ಮಾಡಬೇಕಾಗಿಲ್ಲ. ಸಿದ್ಧತೆಯ ಎರಡನೇ ವಾರದಲ್ಲಿ ಮಗಳನ್ನು ಮಡಿಕೇರಿಯ ಕೋಟೆಗೆ ಕರೆದುಕೊಂಡು ಹೋಗಿ, ಅಲ್ಲಿನ ಆವರಣದಲ್ಲಿ ನಿಂತಿರುವ, ನಿಜವಾದ ಆನೆಯಷ್ಟೇ ಎತ್ತರದ ಎರಡು ಗಾರೆಯ ಆನೆಗಳನ್ನು ತೋರಿಸಿ. ಸಾಧ್ಯವಾದರೆ ತಡಿಯಂಡಮೋಳ್ ಬೆಟ್ಟದ ತಪ್ಪಲಲ್ಲಿ, ಕಕ್ಕಬ್ಬೆಯ ಬಳಿ ಇರುವ ನಾಲ್ಕುನಾಡು ಅರಮನೆಯನ್ನೂ ತೋರಿಸಿ. ಕೊಡಗಿನ ಅರಸ ದೊಡ್ಡವೀರರಾಜೇಂದ್ರನು 18ನೆಯ ಶತಮಾನದ ಕೊನೆಯ ದಶಕದಲ್ಲಿ ಕಟ್ಟಿಸಿದ ಆ ಅರಮನೆಯ ಮರದ ಕಂಬಗಳು, ಹಂಚಿನ ಮಾಡು, ಗೋಡೆಯ ಚಿತ್ತಾರ, ಎದುರಿನ ಪುಟ್ಟ ಮಂಟಪ ಇವೆಲ್ಲ ಮಗುವಿನ ಕಣ್ಣಿಗೆ ಎಟುಕುವ ಅಳತೆಯಲ್ಲಿವೆ. ಹಿಂದಿರುಗಿದ ಮೇಲೆ ಅವಳಿಗೆ ನೆನಪಿದ್ದಂತೆ ಚಿತ್ರ ಬರೆಯಲು ಹೇಳಿ. ಅದೇ ನಿಮ್ಮ ನಕ್ಷೆ.

ಕಟ್ಟುವ ಕೆಲಸಕ್ಕೆ ಫ್ರಿಜ್ ಅಥವಾ ವಾಷಿಂಗ್ ಮಷೀನಿನ ದೊಡ್ಡ ರಟ್ಟಿನ ಪೆಟ್ಟಿಗೆಗಳು ನಾಲ್ಕು ಬೇಕು. ಗೋಣಿಕೊಪ್ಪ, ಕುಶಾಲನಗರದಂತಹ ಪೇಟೆಗಳ ಅಂಗಡಿಗಳಲ್ಲಿ ಮೊದಲೇ ಹೇಳಿಟ್ಟರೆ ತೆಗೆದಿರಿಸುತ್ತಾರೆ. ಎಂಟು ಅಡಿ ಅಗಲ, ಆರು ಅಡಿ ಎತ್ತರದ ಚೌಕಟ್ಟನ್ನು ಬಿದಿರಿನ ಗಳಗಳಿಂದ ಕಟ್ಟಿ, ಬಿಡಿಸಿದ ರಟ್ಟನ್ನು ಅದಕ್ಕೆ ಸುತಲಿ ಹುರಿಯಿಂದ ಹೊಲಿಯಬೇಕು. ಬರೀ ಗೋಂದಿನ ಮೇಲೆ ಭರವಸೆ ಇಡುವುದು ತಪ್ಪು, ಏಕೆಂದರೆ ನಮ್ಮ ಹವೆಯ ತೇವಕ್ಕೆ ರಟ್ಟು ಮೆತ್ತಗಾಗಿ ರಾತ್ರಿ ಕಳೆಯುವುದರೊಳಗೆ ಬಾಗಿಬಿಡುತ್ತದೆ. ಮೊದಲು ಸುಣ್ಣದ ಬಿಳಿಯನ್ನು ಬಳಿದು, ಒಣಗಿದ ಮೇಲೆ ಕಿಟಕಿ, ಕಂಬ, ಹಂಚಿನ ಸಾಲುಗಳನ್ನು ಬಣ್ಣದಲ್ಲಿ ಬರೆಯಿರಿ. ಎರಡು ಆನೆಗಳನ್ನು ರಟ್ಟಿನಲ್ಲಿ ಕತ್ತರಿಸಿ ಬಾಗಿಲಿನ ಎರಡು ಕಡೆ ನಿಲ್ಲಿಸಿ. ಆನೆಗೆ ಬಣ್ಣ ಬಳಿಯುವ ಕೆಲಸವನ್ನು ಮಕ್ಕಳಿಗೇ ಬಿಡಬೇಕು. ನಮ್ಮ ಮನೆಯ ಒಂದು ಆನೆ ನೀಲಿಯಾಗಿತ್ತು, ಎಲ್ಲರೂ ಮೆಚ್ಚಿದ್ದು ಅದನ್ನೇ.

ಕಣದ ಅಂಚಿನಲ್ಲಿ ಕರಿಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಗಳಿದ್ದರೆ ಅರಮನೆಗೆ ಬೇರೆ ಕಂಬಗಳು ಬೇಕೇ ಇಲ್ಲ, ಮರದಿಂದ ಮರಕ್ಕೆ ಹಳೆಯ ಸೀರೆಗಳನ್ನು ಇಳಿಬಿಟ್ಟರೆ ಸಾಕು. ಅಲಂಕಾರಕ್ಕೆ ಆಂಥೂರಿಯಂ, ಚೆಂಡುಹೂ, ಬೈನೆಯ ಗರಿ ಬಳಸಬಹುದು. ಥರ್ಮೊಕೋಲಿನ ಅಲಂಕಾರ ಸಾಮಗ್ರಿ, ಪ್ಲಾಸ್ಟಿಕ್ ಕಡ್ಡಿಯ ಬಲೂನು, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ ಲೋಟಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧವಾಗಿವೆ. ಅಂಗಡಿಯಲ್ಲಿ ಸಿಕ್ಕರೂ ತರಬೇಡಿ.

ಕಿರೀಟ ಮತ್ತು ಉಡುಪು

ಇಡೀ ಸಮಾರಂಭದ ಜೀವಾಳ ಕಿರೀಟ. ಐದರಿಂದ ಏಳು ವರ್ಷದ ಮಕ್ಕಳ ತಲೆಯ ಸುತ್ತಳತೆ ಹೆಚ್ಚು ಕಡಿಮೆ 50ರಿಂದ 53 ಸೆಂ.ಮೀ. ಇರುತ್ತದೆ. 60 ಸೆಂ.ಮೀ. ಉದ್ದ, 12 ಸೆಂ.ಮೀ. ಎತ್ತರದ ತೆಳು ರಟ್ಟಿನ ಪಟ್ಟಿಗಳನ್ನು ಕತ್ತರಿಸಿ, ಮೇಲಂಚನ್ನು ಗೋಪುರದಂತೆ ಅಥವಾ ಎಲೆಯಂತೆ ರೂಪಿಸಿ, ಬಂಗಾರದ ಬಣ್ಣದ ಬೇಗಡೆಯನ್ನು ಅಂಟಿಸಿ ಇಡಿ. ಅಂದು ಮಕ್ಕಳು ಬಂದ ಕೂಡಲೇ ಬಾಗಿಲ ಬಳಿಯ ಮೇಜಿನಲ್ಲಿ ಬಣ್ಣದ ಕಾಗದದ ಚೂರು, ಮಣಿ, ಗೋಂದು ಇಟ್ಟು, ತಮ್ಮ ಕಿರೀಟವನ್ನು ತಾವೇ ಸಿಂಗರಿಸಿಕೊಳ್ಳಲು ಬಿಡಬೇಕು. ಹುಡುಗರಿಗೂ ಅದೇ ಕಿರೀಟ. ಹುಟ್ಟುಹಬ್ಬದ ಮಗುವಿಗೆ ಬೇರೆಯದು, ಹೊಳೆಯುವಂಥದ್ದು ಬೇಕೆಂದು ಅಜ್ಜಿಯರು ಹೇಳಬಹುದು. ಅವಳ ಕಿರೀಟಕ್ಕೆ ಒಂದು ಹೂವು ಹೆಚ್ಚಿರಲಿ, ಅಷ್ಟು ಸಾಕು. ಹೀಗೆ ಮಾಡಿದರೆ ಮೊದಲ ಅರ್ಧ ಗಂಟೆಯಲ್ಲಿಯೇ, ಯಾರು ಯಾವ ಬಟ್ಟೆಯಲ್ಲಿ ಬಂದಿದ್ದರೆಂಬುದು ಮಕ್ಕಳಿಗೆ ಮರೆತೇ ಹೋಗುತ್ತದೆ.

ಮಗಳ ಉಡುಪಿಗೆ ಹತ್ತಿ ಅಥವಾ ರೇಷ್ಮೆಯ ಲಂಗ ದಾವಣಿ ಸೊಗಸು. ಹಿಂದೆ ನೆರಿಗೆ ಬರುವ ಕೊಡಗಿನ ಶೈಲಿಯ ಪುಟ್ಟ ಸೀರೆ ಇನ್ನೂ ಸೊಗಸು, ಅಜ್ಜಿಯ ಜೋಮಾಲೆಯನ್ನು ಹೋಲುವ ಮಣಿಸರವನ್ನು ಮನೆಯಲ್ಲೇ ಪೋಣಿಸಿಕೊಡಬಹುದು. ಬಲೆಬಟ್ಟೆಯ ಗೌನು ಅವಳಿಗೆ ಬೇಕೇ ಬೇಕಿದ್ದರೆ ಕೊಡಿಸಿ, ಆದರೆ ನೈಲಾನ್ ಬಲೆಬಟ್ಟೆಗೆ ಮೇಣದಬತ್ತಿಯ ಕಿಡಿ ತಗುಲಿದರೆ ಕ್ಷಣದಲ್ಲಿ ಉರಿದು ಮೈಗೆ ಅಂಟಿಕೊಳ್ಳುತ್ತದೆ ಎಂಬುದನ್ನು ಮರೆಯಬೇಡಿ. ಬತ್ತಿ ಹಚ್ಚುವಾಗ ದೊಡ್ಡವರೊಬ್ಬರು ಪಕ್ಕದಲ್ಲೇ ನಿಲ್ಲಬೇಕು. ನೊರೆ ಚಿಮ್ಮಿಸುವ ಸ್ಪ್ರೇ ಡಬ್ಬಿಗಳು ಬೆಂಕಿಯ ಬಳಿ ಅಪಾಯಕಾರಿ, ಅವು ಮನೆಯೊಳಗೇ ಬರಬಾರದು. ತೇಲುವ ಬಲೂನುಗಳಿಗೆ ಕೆಲವು ಕಡೆ ಜಲಜನಕವನ್ನು ತುಂಬುತ್ತಾರೆ, ಅದು ಕಿಡಿ ತಾಗಿದರೆ ಸಿಡಿಯುತ್ತದೆ. ಬಾಯಿಂದ ಊದಿದ ಬಲೂನುಗಳೇ ಕ್ಷೇಮ, ಒಡೆದ ಚೂರುಗಳನ್ನು ಮಾತ್ರ ಸಣ್ಣ ಮಕ್ಕಳ ಬಾಯಿಗೆ ಹೋಗದಂತೆ ಆಗಾಗ ಆರಿಸಬೇಕು.

ಕೇಕು, ಊಟ

ಮಕ್ಕಳೂ ದೊಡ್ಡವರೂ ಸೇರಿ ಐವತ್ತು ಜನರಿಗೆ ಮೂರು ಕಿಲೋ ಕೇಕು ಧಾರಾಳ. ಒಂದರ ಮೇಲೊಂದು ಏರಿಸಿದ ಅರಮನೆ ಕೇಕನ್ನು ಮೈಸೂರಿನಿಂದ ತರಿಸಿದ ಅನುಭವ ನಮಗಿದೆ. ನೂರಕ್ಕೂ ಹೆಚ್ಚು ಕಿಲೋಮೀಟರ್ ಕ್ಷೇಮವಾಗಿ ಬಂದ ಕೇಕು ಕೊನೆಯ ತಿರುವುಗಳಲ್ಲಿ ಒಂದು ಬದಿಗೆ ಜಾರಿ, ಮನೆ ತಲುಪುವಾಗ ಗೋಪುರವೆಲ್ಲ ಡಬ್ಬಿಯ ಮುಚ್ಚಳಕ್ಕೆ ಅಂಟಿತ್ತು. ಮಗಳು ಅತ್ತಳು. ನನಗೂ ಅಳು ಬಂತು. ಆದ್ದರಿಂದ ಹತ್ತಿರದ ಬೇಕರಿಯಲ್ಲಿ ಎರಡು ಬಿಡಿ ಕೇಕುಗಳನ್ನು ಹೇಳಿ, ಬೇರೆ ಬೇರೆ ಡಬ್ಬಿಯಲ್ಲಿ ತಂದು, ಮೇಲಿನದಕ್ಕೆ ಆಸರೆಯಾಗಿ ನಾಲ್ಕು ಶುದ್ಧವಾದ ಬಿದಿರು ಕಡ್ಡಿಗಳನ್ನು ಕೆಳಗಿನ ಕೇಕಿನಲ್ಲಿ ನಾಟಿ, ಮನೆಯಲ್ಲೇ ಜೋಡಿಸಿಕೊಳ್ಳಿ. ಕತ್ತರಿಸುವಾಗ ಕಡ್ಡಿಗಳನ್ನು ಎಣಿಸಿ ತೆಗೆಯಬೇಕು. ಮಳೆಗಾಲದಲ್ಲಿ ಸಕ್ಕರೆ ಹಾಳೆಯ ಹೊದಿಕೆ ಇರುವ ಕೇಕು ಬೆವರಿ ಅಂಟಂಟಾಗುತ್ತದೆ, ಆಗ ಬೆಣ್ಣೆ ಕ್ರೀಮೇ ಒಳ್ಳೆಯದು. ಮೊಟ್ಟೆ, ನೆಲಗಡಲೆ, ಗೋಡಂಬಿ ಒಗ್ಗದ ಮಕ್ಕಳಿದ್ದಾರೆಯೇ ಎಂದು ಆಮಂತ್ರಣ ಕೊಡುವಾಗಲೇ ವಿಚಾರಿಸಿ.

ಊಟಕ್ಕೆ ಚಿಪ್ಸ್ ಪೊಟ್ಟಣಗಳನ್ನು ಹಂಚುವ ಬದಲು ಕೊಡಗಿನ ಹಬೆ ತಿಂಡಿ ಪಾಪುಟ್ಟು ಮಾಡಿ ನೋಡಿ. ಒಂದು ಲೋಟ ಅಕ್ಕಿ ತರಿಯನ್ನು ತೊಳೆದು, ಒಂದು ಲೋಟ ಹಾಲು, ಒಂದೂವರೆ ಲೋಟ ನೀರು, ಅರ್ಧ ಲೋಟ ತೆಂಗಿನ ತುರಿ, ಚಿಟಿಕೆ ಉಪ್ಪು, ಎರಡು ಚಮಚ ಸಕ್ಕರೆ ಸೇರಿಸಿ, ತಟ್ಟೆಯಲ್ಲಿ ಸುರಿದು, ಅಕ್ಕಿ ಪೂರ್ತಿ ಬೆಂದು ಗಟ್ಟಿಯಾಗುವವರೆಗೆ, ಅಂದರೆ ಅರ್ಧ ಗಂಟೆಯಷ್ಟು, ಹಬೆಯಲ್ಲಿ ಬೇಯಿಸಬೇಕು. ನೀರಿನಲ್ಲಿ ನಾಲ್ಕು ಚಮಚವನ್ನು ಕಡಿಮೆ ಮಾಡಿ ಅಷ್ಟೇ ಬೀಟ್‌ರೂಟ್ ರಸ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಆರಿದ ಮೇಲೆ ವಜ್ರದಾಕಾರಕ್ಕೆ ಕತ್ತರಿಸಿ, ‘ಅರಮನೆಯ ವಜ್ರ’ವೆಂದು ಬಡಿಸಿದರೆ ಮಕ್ಕಳು ಎರಡೆರಡು ಸಲ ಕೇಳಿ ತಿನ್ನುತ್ತಾರೆ. ಜೊತೆಗೆ ಜೇನು ಹಾಕಿದ ನೂಪುಟ್ಟು (ಅಕ್ಕಿ ಶಾವಿಗೆ), ಖಾರ ಕಡಿಮೆ ಮಾಡಿದ ಕೋಳಿ ಸಾರು, ಮಾಂಸ ತಿನ್ನದವರಿಗೆ ತರಕಾರಿ ಸಾಗು, ಚಳಿಗಾಲವಾದರೆ ಕಿತ್ತಳೆ ತೊಳೆ ಇರಲಿ. ಎಲ್ಲ ಮಕ್ಕಳೂ ಚಾಪೆಯ ಮೇಲೆ ಒಂದೇ ಸಾಲಿನಲ್ಲಿ, ಬಾಳೆಲೆಯಲ್ಲಿ ಉಣ್ಣಬೇಕು. ಮೊದಲ ತುತ್ತು ಸಿಹಿಯನ್ನು ಹುಟ್ಟುಹಬ್ಬದ ಮಗಳೇ ಬಡಿಸಿ, ಆಮೇಲೆ ತಾನು ಕುಳಿತುಕೊಳ್ಳಲಿ. ಮನೆಗೆ ಬಂದವರನ್ನು ಉಪಚರಿಸುವುದು ಅರಮನೆಯವರ ಕೆಲಸವೆಂದು ಹೇಳಿದರೆ ಅವಳು ಅದನ್ನು ಸಂಭ್ರಮದಿಂದಲೇ ಮಾಡುತ್ತಾಳೆ.

ಆಟ ಮತ್ತು ಕಥೆ

ನಿಧಿ ಹುಡುಕುವ ಆಟವನ್ನು ಕಾಫಿ ಗಿಡಗಳ ನಡುವೆ ಆಡಿಸಬೇಡಿ. ಹಾವು, ಕೆಂಜಿರುವೆಗಳ ಕಾಟವಿದೆ. ಕಣ ಮತ್ತು ಜಗಲಿಯೇ ಗಡಿ ಎಂದು ಸುಣ್ಣದಲ್ಲಿ ಗೆರೆ ಎಳೆಯಿರಿ. ಎರಡು ಆಟ, ಒಂದು ಕುಣಿತ ಸಾಕು. ವಾಲಗದ ಲಯ ಕೇಳಿಸಿದರೆ ನಮ್ಮ ಮಕ್ಕಳಿಗೆ ಕುಣಿತವನ್ನು ಕಲಿಸಬೇಕಾಗಿಯೇ ಇಲ್ಲ.

ಊಟಕ್ಕೆ ಮುನ್ನ ಹತ್ತು ನಿಮಿಷ ಮನೆಯ ಹಿರಿಯರೊಬ್ಬರು ಕಥೆ ಹೇಳಲಿ. ದೊಡ್ಡವೀರರಾಜೇಂದ್ರನು 1809ರಲ್ಲಿ ತೀರಿಕೊಂಡಾಗ ಇನ್ನೂ ಬಾಲಕಿಯಾಗಿದ್ದ ಅವನ ಮಗಳು ದೇವಮ್ಮಾಜಿ ಕೊಡಗಿನ ರಾಣಿಯಾದಳು ಎಂಬುದನ್ನು ಕೇಳಿದಾಗ ಮಕ್ಕಳ ಕಣ್ಣುಗಳು ಅರಳುತ್ತವೆ. ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ 1852ರಲ್ಲಿ, ಹನ್ನೊಂದರ ಹರೆಯದಲ್ಲಿ, ತಂದೆಯೊಡನೆ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗಿ ವಿಕ್ಟೋರಿಯಾ ರಾಣಿಯನ್ನು ಕಂಡದ್ದೂ ಕಥೆಯಂತೆಯೇ ಇದೆ. ದೇವಮ್ಮಾಜಿಯ ಕೈಯಿಂದ ಎರಡೇ ವರ್ಷದಲ್ಲಿ ಅಧಿಕಾರ ಜಾರಿದ್ದು, ಗೌರಮ್ಮ ತಾಯ್ನಾಡಿಗೆ ಮರಳದೆ 1864ರಲ್ಲಿ ಅಲ್ಲಿಯೇ ತೀರಿಕೊಂಡದ್ದು ಮಕ್ಕಳು ಬೆಳೆದ ಮೇಲೆ ತಿಳಿಯಲಿ. ಕೇಳಿದರೆ ಮಾತ್ರ ಸುಳ್ಳು ಹೇಳಬೇಡಿ.

ಮುಗಿದ ಮೇಲೆ

ಹೊರಡುವ ಮಕ್ಕಳಿಗೆ ಕಿರೀಟವೇ ಉಡುಗೊರೆ, ಜೊತೆಗೆ ಕಾಗದದ ಪೊಟ್ಟಣದಲ್ಲಿ ಎರಡು ವಜ್ರದ ಪಾಪುಟ್ಟು. ಬಂದ ಉಡುಗೊರೆಗಳನ್ನು ಎಲ್ಲರ ಎದುರು ಬಿಚ್ಚುವುದು ಬೇಡ. ಒಬ್ಬರ ಕೊಡುಗೆ ದೊಡ್ಡದು, ಇನ್ನೊಬ್ಬರದು ಚಿಕ್ಕದೆಂದು ಮಕ್ಕಳು ಬಹುಬೇಗ ಅಳೆಯುತ್ತಾರೆ. ಅಂದೇ ಸಂಜೆ ಚೌಕಟ್ಟಿನ ಬಿದಿರನ್ನು ಬಿಚ್ಚಿ ಅವರೆ ಚಪ್ಪರಕ್ಕೆ ತೆಗೆದಿಡಿ. ಬೇಗಡೆಯ ಚೂರುಗಳನ್ನು ಎಲೆಗಳ ಜೊತೆ ಗೊಬ್ಬರದ ಗುಂಡಿಗೆ ಹಾಕದೆ ಬೇರೆ ಮಾಡಿ. ರಟ್ಟಿನ ಆನೆಗಳನ್ನು ಮಾತ್ರ ಇಬ್ಬನಿ ಬೀಳುವ ಮೊದಲು ಒಳಗೆ ತಂದು, ಗೋಡೆಗೆ ಒರಗಿಸಿ ಇಡಿ. ಮರುದಿನ ಬೆಳಿಗ್ಗೆ ಲೈನ್ ಮನೆಯ ಮಕ್ಕಳು ಕಿರೀಟ ಹಾಕಿಕೊಂಡೇ ಆಡಲು ಬಂದಾಗ ಅವು ಬೇಕಾಗುತ್ತವೆ.