ಕಳ್ಳಿಪೀರದ ಚಿತ್ರ ತೆಗೆಯುವವರಿಗೆ ಒಂದು ಸಲಹೆ

ಹೊಲದ ಬದುಗಳಲ್ಲಿ ಬೆಳಗಿನ ನಡಿಗೆಗೆ ಹೋಗುವ ಸದಸ್ಯರು ಕಳ್ಳಿಪೀರದ ಬೆನ್ನು ಹತ್ತಿ ಓಡಾಡುವ ಬದಲು, ಅದು ಕುಳಿತಿದ್ದ ತಂತಿಯನ್ನೋ ಒಣ ಕಡ್ಡಿಯನ್ನೋ ಗುರುತಿಟ್ಟುಕೊಂಡು, ಸೂರ್ಯ ಬೆನ್ನಿಗೆ ಬರುವಂತೆ ತುಸು ದೂರದಲ್ಲಿ ಅಲುಗಾಡದೆ ಕುಳಿತುಕೊಳ್ಳುವುದು ಒಳ್ಳೆಯದು. ಹಾರುವ ಜೇನ್ನೊಣವನ್ನೋ ಏರೋಪ್ಲೇನ್ ಚಿಟ್ಟೆಯನ್ನೋ ಗಾಳಿಯಲ್ಲೇ ಹಿಡಿಯುವ ಈ ಹಕ್ಕಿ, ಬಹುಪಾಲು ಅದೇ ಕಡ್ಡಿಗೆ ಮರಳಿ, ನುಂಗುವ ಮೊದಲು ಕೀಟವನ್ನು ಅದಕ್ಕೆ ಬಡಿಯುತ್ತದೆ. ಒಳ್ಳೆಯ ಚಿತ್ರ ಸಿಗುವುದು ಆ ಕೆಲವು ಕ್ಷಣಗಳಲ್ಲೇ. ಆದ್ದರಿಂದ ಫೋಕಸನ್ನು ಮೊದಲೇ ಕಡ್ಡಿಯ ಮೇಲೆ ನಿಲ್ಲಿಸಿ, ಷಟರ್ ವೇಗವನ್ನು ಸೆಕೆಂಡಿನ 1/2000ರಷ್ಟಾದರೂ ಇರಿಸಿಕೊಳ್ಳಿ. ಕಣ್ಣು ಕುಕ್ಕುವ ಬಣ್ಣದ ಅಂಗಿ ಮನೆಯಲ್ಲೇ ಇರಲಿ.

ಮಾರ್ಚ್‌ನಿಂದ ಜೂನ್‌ವರೆಗೆ ಇವು ಮಣ್ಣಿನ ದಿಬ್ಬಗಳಲ್ಲಿ ಬಿಲ ತೋಡಿ ಮರಿ ಮಾಡುತ್ತವೆ. ಕೊಕ್ಕಿನಲ್ಲಿ ಕೀಟ ಹಿಡಿದ ಹಕ್ಕಿ ಬಿಲಕ್ಕೆ ಇಳಿಯದೆ ತಂತಿಯ ಮೇಲೆಯೇ ಕುಳಿತಿದ್ದರೆ, ಅದು ನಮ್ಮನ್ನು ಕಂಡು ಹಿಂಜರಿಯುತ್ತಿದೆಯೆಂದು ತಿಳಿದು ಕೂಡಲೇ ಹಿಂದೆ ಸರಿಯಬೇಕು.