ಗುಡ್ಡದ ಟ್ಯಾಂಕಿಂದ ಬೆಂಕಿಗೆ ನೀರಿನ ಲೈನ್ ಎಳೆಯೋದು ಹೇಗೆ

ಎರಡು ವರ್ಷದ ಹಿಂದೆ ಮಾರ್ಚ್ ತಿಂಗಳು, ಮಧ್ಯಾಹ್ನ ಊಟ ಮುಗಿಸಿ ಕೈ ತೊಳೀತಿದ್ದೆ, ಆಚೆಮನೆ ಹುಲ್ಲಿನ ಗೊಣಬೆಗೆ ಬೆಂಕಿ ಬಿತ್ತು ಅಂತ ಕೂಗು ಕೇಳ್ತು. ಬಚ್ಚಲ ಒಲೆ ಬೂದಿ ತಗೊಂಡೋಗಿ ಗೊಬ್ಬರಗುಂಡಿಗೆ ಸುರಿದಿದ್ರಂತೆ, ಒಳಗೆ ಕೆಂಡ ಇತ್ತು, ಗಾಳಿ ಎದ್ದಿತು, ದರಗೆಲೆ ಹತ್ತಿಕೊಂಡು ಗೊಣಬೆ ತನಕ ಬಂತು. ಅವ್ರ ಮನೆ ಹಿಂದಿನ ಗುಡ್ಡದ ಮೇಲೆ 5000 ಲೀಟರ್ ಟ್ಯಾಂಕು, ಅವತ್ತು ತುಂಬಿ ತುಳುಕ್ತಿತ್ತು. ಅಂಗಳದ ನಲ್ಲಿಗೆ ಗಾರ್ಡನ್ ಪೈಪ್ ಸಿಕ್ಕಿಸಿ ಬಿಟ್ರು, ನೀರು ಬಂತು, ಆದ್ರೆ ತುಳಸಿಕಟ್ಟೆಗೆ ಹಾಕೋ ಹಂಗೆ ಬಂತು. ಕೊನೆಗೆ ಹತ್ತು ಜನ ಸಾಲು ನಿಂತು ಕೊಡಪಾನದಲ್ಲಿ ಎರಚಿ ಕೊಟ್ಟಿಗೆ ಉಳಿಸ್ಕೊಂಡಿದ್ದು, ಗೊಣಬೆ ಪೂರ್ತಿ ಹೋಯ್ತು. "ಟ್ಯಾಂಕ್ ತುಂಬ ನೀರಿದೆ, ಬೆರಳಿಟ್ಟು ಒತ್ತಿದ್ರೆ ಮುಖಕ್ಕೆ ಹಾರೋವಷ್ಟು ಪ್ರೆಷರ್ರೂ ಇದೆ, ಎಂತಕ್ಕೆ ಬರ್ಲಿಲ್ಲ ಮಾರಾಯ" ಅಂತ ಆ ಮನೆ ಅಣ್ಣ ಸಂಜೆ ತನಕ ಕೇಳ್ತಾನೇ ಇದ್ರು.

ಆಮೇಲೆ ನಮ್ಮೂರಲ್ಲಿ ಏಳೆಂಟು ಮನೆ ಲೈನ್ ನಾನೇ ಹೋಗಿ ನೋಡಿದೀನಿ, ಒಂದೆರಡು ಬಿಟ್ರೆ ಎಲ್ಲಾ ಕಡೆ ಇದೇ ತಪ್ಪು, ಪೈಪು ಸಣ್ಣದು. ಮಳೆಗಾಲದಲ್ಲಿ ಆಗುಂಬೆ ಕಡೆ 7000 ಮಿಲಿಮೀಟರ್ ಸುರಿಯತ್ತೆ ಅಂತ ಹೆಮ್ಮೆ ಪಡೋ ನಾವು, ಶಿವರಾತ್ರಿ ಕಳೀತಿದ್ದಂಗೆ ಒಂದು ಕಿಡಿಗೆ ಹೆದರೋ ಸ್ಥಿತೀಲಿ ಇರ್ತೀವಿ. ಫೈರ್ ಇಂಜಿನ್ ಇರೋದು ತಾಲೂಕು ಪೇಟೇಲಿ, ಆ ತಿರುವು ದಾಟಿ ಬರೋ ತನಕ ಮನೆ ಕಾಯೋದು ನಮ್ಮದೇ ನೀರು. ಹಾಗಂತ 101ಕ್ಕೋ 112ಕ್ಕೋ ಫೋನ್ ಮಾಡೋದು ತಡ ಮಾಡ್ಬೇಡಿ, ಮೊದ್ಲು ಫೋನು, ಆಮೇಲೆ ಪೈಪು.

ಹಂತ 1: ಎಷ್ಟು ನೀರು ಬೇಕು

ನೀರು ಬೆಂಕಿ ಆರಿಸೋದು ಒದ್ದೆ ಮಾಡಿ ಅನ್ನೋದಕ್ಕಿಂತ ಬಿಸಿ ಎಳ್ಕೊಂಡು. ಒಂದು ಲೀಟರ್ ನೀರು 25 ಡಿಗ್ರಿಯಿಂದ 100 ಡಿಗ್ರಿಗೆ ಕಾಯೋಕೆ 75 ಕಿಲೋಕ್ಯಾಲರಿ ಎಳ್ಕೊಳ್ಳತ್ತೆ, ಅದೇ ನೀರು ಆವಿ ಆಗೋಕೆ ಇನ್ನೂ 540 ಎಳ್ಕೊಳ್ಳತ್ತೆ. ಅಂದ್ರೆ ಬೆಂಕಿ ಮೇಲೆ ಬಿದ್ದು ಹಬೆ ಆಗಿ ಹೋದ ನೀರೇ ಕೆಲಸ ಮಾಡಿದ ನೀರು, ಕೆಳಗೆ ಹರಿದು ಚರಂಡಿ ಸೇರಿದ್ದು ಹೆಚ್ಚಿನಂಶ ದಂಡ. ಅದಕ್ಕೇ ದಪ್ಪ ಧಾರೆಗಿಂತ ತುಂತುರು ಮೇಲು, ಹನಿ ಸಣ್ಣ ಆದಷ್ಟೂ ಬೇಗ ಆವಿ ಆಗತ್ತೆ. ಆದ್ರೆ ತೀರಾ ಸಣ್ಣ ಹನಿ ದೂರ ಹೋಗಲ್ಲ, ಗಾಳಿಗೆ ಹಾರಿಹೋಗತ್ತೆ, ಹಾಗಾಗಿ ಧಾರೆ, ತುಂತುರು ಎರಡೂ ಬರೋ ನಾಜಲ್ ಇಟ್ಕೊಳ್ಳಿ.

ಮನೆ, ಕೊಟ್ಟಿಗೆ, ಅಡಿಕೆ ಅಟ್ಟ ಇಷ್ಟಕ್ಕೆ ನಿಮಿಷಕ್ಕೆ 100 ಲೀಟರ್ ಅಂತ ಗುರಿ ಇಟ್ಕೊಳ್ಳಿ, ಇದು ನನ್ನ ಲೆಕ್ಕ, ನಾನು ಇದ್ರಿಂದ ಇಳಿಯಲ್ಲ. 20 ನಿಮಿಷಕ್ಕೆ 2000 ಲೀಟರ್ ಆಯ್ತು. ಈ 2000 ಯಾವಾಗ್ಲೂ ಟ್ಯಾಂಕಲ್ಲಿ ಇರ್ಲೇಬೇಕು ಅಂದ್ರೆ ಒಂದು ಸುಲಭದ ಉಪಾಯ ಇದೆ. ಬೆಂಕಿ ಲೈನಿನ ತೂತು ಟ್ಯಾಂಕಿನ ಬುಡದಲ್ಲಿ ಹಾಕಿ, ಮನೆ ಬಳಕೆ ಲೈನಿನ ತೂತು 2000 ಲೀಟರ್ ಗೆರೆಗಿಂತ ಮೇಲೆ ಹಾಕಿ. ಬಚ್ಚಲಿಗೆ, ತೋಟಕ್ಕೆ ಎಷ್ಟೇ ಬಿಟ್ರೂ ಕೆಳಗಿನ ಪಾಲು ಹಾಗೇ ಉಳಿಯತ್ತೆ. ಮನೇಲಿ ನೀರು ನಿಂತ್ಹೋಯ್ತು ಅಂತ ಯಾರಾದ್ರೂ ಕೂಗಿದ್ರೆ ಕೂಗ್ಲಿ, ಮೇಲಿನ ತೂತು ಕೆಳಗೆ ಇಳಿಸ್ಬೇಡಿ.

ಟ್ಯಾಂಕ್ ಕಟ್ಟೆ ಗಟ್ಟಿ ಇರ್ಲಿ, 1000 ಲೀಟರ್ ಅಂದ್ರೆ ಒಂದು ಟನ್ ತೂಕ. ಸುತ್ತ ಹದಿನೈದಡಿ ದರಗು ಗುಡಿಸಿ, ಪ್ಲಾಸ್ಟಿಕ್ ಟ್ಯಾಂಕು ಬೆಂಕಿಗೆ ಮೇಣದ ಹಂಗೆ ಕರಗತ್ತೆ.

ಹಂತ 2: ಎತ್ತರ ಅಳೆಯೋದು

10 ಮೀಟರ್ ಎತ್ತರಕ್ಕೆ 1 ಕೆಜಿ ಪ್ರೆಷರ್ (ಅಂದ್ರೆ ಒಂದು ಚದರ ಸೆಂಟಿಮೀಟರಿಗೆ 1 ಕೆಜಿ ಒತ್ತಡ), ಅಷ್ಟೇ. ಟ್ಯಾಂಕ್ ದೊಡ್ಡದಾದ್ರೂ ಅಷ್ಟೇ, ಸಣ್ಣದಾದ್ರೂ ಅಷ್ಟೇ. ದೊಡ್ಡ ಟ್ಯಾಂಕ್ ಇಟ್ರೆ ಫೋರ್ಸ್ ಜಾಸ್ತಿ ಬರತ್ತೆ ಅನ್ನೋರಿಗೆ ಹೇಳಿ ಹೇಳಿ ಸಾಕಾಗಿದೆ. ಕೆಳಗಿನ ನಲ್ಲಿ ಹತ್ರ ಒಂದು ಪ್ರೆಷರ್ ಗೇಜ್ ಕೂರಿಸಿ, ಎಲ್ಲಾ ನಲ್ಲಿ ಬಂದ್ ಮಾಡಿ ನೋಡಿ, 3 ಕೆಜಿ ತೋರಿಸಿದ್ರೆ ಟ್ಯಾಂಕು 30 ಮೀಟರ್ ಮೇಲಿದೆ ಅಂತ ಅರ್ಥ.

ಹಂತ 3: ಪೈಪಿನ ಸೈಜು, ಎಲ್ರೂ ಎಡವೋ ಜಾಗ

ಈಗ ಗೇಜು 3 ಕೆಜಿ ತೋರಿಸ್ತು ಅಂತ ಖುಷಿಯಾಗಿ ಮನೆಗೆ ಹೋಗ್ಬೇಡಿ. ಅದು ನೀರು ನಿಂತಾಗಿನ ಪ್ರೆಷರ್. ನೀರು ಓಡೋಕೆ ಶುರುವಾದ ತಕ್ಷಣ ಪೈಪಿನ ಗೋಡೆಗೆ ಉಜ್ಜಿ ಉಜ್ಜಿ ಆ ಪ್ರೆಷರ್ ದಾರೀಲೇ ಖರ್ಚಾಗತ್ತೆ, ಎಷ್ಟು ಖರ್ಚು ಅನ್ನೋದು ಪೈಪಿನ ಅಗಲದ ಮೇಲೆ ನಿಂತಿದೆ, ಅದೂ ನಾವು ಅಂದ್ಕೊಂಡಂಗೆ ಅರ್ಧ ಅಗಲಕ್ಕೆ ಎರಡು ಪಟ್ಟು ಅಲ್ಲ, ಸುಮಾರು 30 ಪಟ್ಟು!

ಲೆಕ್ಕ ಹಾಕೇ ತೋರಿಸ್ತೀನಿ. 100 ಮೀಟರ್ ಉದ್ದದ ಪೈಪಲ್ಲಿ ನಿಮಿಷಕ್ಕೆ 100 ಲೀಟರ್ ಓಡಿಸ್ಬೇಕು ಅಂದ್ರೆ ಒಂದಿಂಚಿನ ಪೈಪು ಹೆಚ್ಚುಕಮ್ಮಿ 50 ಮೀಟರ್ ಎತ್ತರದ ಪ್ರೆಷರ್ ತಿಂದುಹಾಕತ್ತೆ. ಒಂದೂವರೆ ಇಂಚಿಂದು ಐದಾರು ಮೀಟರ್ ತಿನ್ನತ್ತೆ. ಎರಡಿಂಚಿಂದು 2 ಮೀಟರಿಗೂ ಕಮ್ಮಿ. ಈಗ ಆಚೆಮನೆ ಅಣ್ಣನ ಲೈನ್ ನೋಡಿ: ಟ್ಯಾಂಕು 30 ಮೀಟರ್ ಮೇಲೆ, 200 ಮೀಟರ್ ದೂರ, ಒಂದಿಂಚಿನ ಪೈಪು. ತುದಿ ಪೂರ್ತಿ ಬಿಟ್ರೂ ನಿಮಿಷಕ್ಕೆ 50 ಲೀಟರ್ ಆಸುಪಾಸು, ಅದೂ ಸುಮ್ನೆ ಸುರಿಯೋದು, ಹಾರೋದಲ್ಲ. ಅದರ ತುದಿಗೆ ಅರ್ಧ ಇಂಚಿನ ಗಾರ್ಡನ್ ಪೈಪು 30 ಮೀಟರ್ ಸಿಕ್ಕಿಸಿದ್ರಲ್ಲ, ಅಲ್ಲಿಗೆ 20 ಲೀಟರಿಗೆ ಬಂತು. ಬೆರಳಿಟ್ಟು ಒತ್ತಿದಾಗ ಮುಖಕ್ಕೆ ಹಾರಿದ್ದು ಯಾಕೆ ಅಂದ್ರೆ ಬೆರಳು ಹರಿವನ್ನ ತಡೀತು, ಹರಿವು ಕಮ್ಮಿ ಆದ್ರೆ ಉಜ್ಜಾಟ ಕಮ್ಮಿ, ಪ್ರೆಷರ್ ವಾಪಸ್ ಬಂತು. ಬೆರಳು ಮೋಸ ಮಾಡತ್ತೆ ಮಾರಾಯ್ರೆ.

ಹಾಗಾಗಿ ಮೇಯಿನ್ ಲೈನ್ ಎರಡಿಂಚಿಗೆ ಕಮ್ಮಿ ಬೇಡ. ಅಂಗಡೀಲಿ "ಒಂದೂವರೆ ಸಾಕು ಭಟ್ರೇ, ತುದೀಲಿ ರಿಡ್ಯೂಸರ್ ಹಾಕಿದ್ರೆ ಫೋರ್ಸ್ ಬರತ್ತೆ" ಅಂತಾರೆ. ರಿಡ್ಯೂಸರ್ ಹಾಕ್ಬೇಕಾದ್ದು ನಾಜಲ್ ತುದೀಲಿ ಮಾತ್ರ, ದಾರಿ ಮಧ್ಯದಲ್ಲಿ ಎಲ್ಲಿ ಸಣ್ಣ ಮಾಡಿದ್ರೂ ನಷ್ಟವೇ. ನಾನು ನೋಡಿದ ಒಂದು ಮನೇಲಿ ಎರಡಿಂಚಿನ ಚೆಂದದ ಲೈನು, ಮಧ್ಯ ಒಂದು ಕಡೆ ಹಳೇ ಮುಕ್ಕಾಲು ಇಂಚಿನ ವಾಲ್ವು, "ಮನೇಲಿತ್ತು, ಹಾಕ್ಬಿಟ್ವಿ" ಅಂದ್ರು. ಆ ಒಂದು ಗೇಣು ಜಾಗ ಇಡೀ ಲೈನಿನ ಕತ್ತು ಹಿಚುಕಿತ್ತು.

ಎಲ್ಬೋ ಆದಷ್ಟು ಕಮ್ಮಿ, ಸಾಧ್ಯ ಇದ್ದಲ್ಲಿ ಪೈಪನ್ನೇ ಬಾಗಿಸಿ ತನ್ನಿ. 30 ಮೀಟರ್ ಎತ್ತರಕ್ಕೆ 4 ಕೆಜಿ ಪ್ರೆಷರ್ ತಡೆಯೋ ಪೈಪ್ ಸಾಕಲ್ವಾ ಅಂತ ಕೇಳ್ತಾರೆ, ಸಾಲಲ್ಲ, 6 ಕೆಜಿದೇ ತಗೊಳ್ಳಿ. ಓಡ್ತಿರೋ ನೀರನ್ನ ಫಟ್ ಅಂತ ನಿಲ್ಲಿಸಿದ್ರೆ 200 ಮೀಟರ್ ಪೈಪಲ್ಲಿರೋ ನೀರೆಲ್ಲ ಬಂದು ಗುದ್ದತ್ತೆ, ಪೈಪ್ ಒಳಗೆ ಸುತ್ತಿಗೇಲಿ ಹೊಡೆದಂಗೆ ಸದ್ದು ಬರತ್ತೆ, ಜಾಯಿಂಟು ಬಿಟ್ಕೊಳ್ಳೋದು ಆಗಲೇ. ಅದಕ್ಕೇ ಮೇಯಿನ್ ಲೈನಿಗೆ ಕಾಲು ಸುತ್ತಿಗೇ ಮುಚ್ಚೋ ಬಾಲ್ ವಾಲ್ವ್ ನಂಗೆ ಆಗಲ್ಲ, ಗೇಟ್ ವಾಲ್ವ್ ಹಾಕಿ, ತಿರುಗಿಸಿ ತಿರುಗಿಸಿ ನಿಧಾನ ಮುಚ್ಬೇಕು. ತಿಂಗಳಿಗೊಮ್ಮೆ ತಿರುಗಿಸದಿದ್ರೆ ಹಿಡ್ಕೊಂಡುಬಿಡತ್ತೆ ಅನ್ನೋದೊಂದು ತಕರಾರು, ನಿಜ, ತಿಂಗಳಿಗೊಮ್ಮೆ ತಿರುಗಿಸಿ.

ಇನ್ನೊಂದು, ಗುಡ್ಡದ ಇಳಿಜಾರಲ್ಲಿ ಪೈಪು ಒಂದು ಕಡೆ ಉಬ್ಬು ಹತ್ತಿ ಇಳಿದ್ರೆ ಆ ಉಬ್ಬಿನ ನೆತ್ತೀಲಿ ಗಾಳಿ ಸೇರ್ಕೊಂಡು ಕೂರತ್ತೆ. ಟ್ಯಾಂಕ್ ತುಂಬ ನೀರು, ಕೆಳಗೆ ಬುಸ್ ಬುಸ್ ಅಂತ ಗಾಳಿ. ಉಬ್ಬು ತಪ್ಪಿಸಿ, ಆಗ್ದಿದ್ರೆ ನೆತ್ತೀಲಿ ಒಂದು ಏರ್ ವಾಲ್ವ್, ಅದೂ ಇಲ್ಲಾಂದ್ರೆ ಸಣ್ಣ ನಲ್ಲಿ ಕೂರಿಸಿ ಆಗಾಗ ಬಿಡಿ.

ಪೈಪನ್ನ ಒಂದೂವರೆ ಅಡಿ ಹೂಳಿ. ಬಿಸಿಲಿಗೆ ಬಿಟ್ರೆ ಪಿವಿಸಿ ಹಪ್ಪಳ ಆಗತ್ತೆ, ಬೆಂಕಿ ಬಂದಾಗ ಮೊದ್ಲು ಕರಗೋದೂ ಅದೇ. ನೆಲದಿಂದ ಮೇಲೆ ಎದ್ದು ಬರೋ ಭಾಗ ಮಾತ್ರ ಜಿಐ (ಸತು ಲೇಪದ ಕಬ್ಬಿಣದ) ಪೈಪು.

ಹಂತ 4: ಹೋಸು, ನಾಜಲ್ಲು

ಒಂದೂವರೆ ಇಂಚಿನ ಚಪ್ಪಟೆ ಹೋಸು 30 ಮೀಟರ್, 10 ಮಿಲಿಮೀಟರ್ ತೂತಿನ ಹಿತ್ತಾಳೆ ನಾಜಲ್. ಮೇಲಿನ ಲೆಕ್ಕದ ಪ್ರಕಾರ 30 ಮೀಟರ್ ಎತ್ತರದ ಪ್ರೆಷರಲ್ಲಿ 200 ಮೀಟರ್ ಉದ್ದದ ಎರಡಿಂಚಿನ ಪೈಪು ಮೂರೂವರೆ ಮೀಟರ್ ತಿಂತು, ಹೋಸು ಎರಡು ತಿಂತು, ನಾಜಲ್ ಹತ್ರ 2.4 ಕೆಜಿ ಉಳೀತು, ಆ ಪ್ರೆಷರಿಗೆ 10 ಮಿಲಿಮೀಟರ್ ತೂತಲ್ಲಿ ಸರಿಯಾಗಿ 100 ಲೀಟರ್ ಹೋಗತ್ತೆ. ಕೈಯನ್ನ ನಾಕು ಕೆಜಿಯಷ್ಟು ಹಿಂದಕ್ಕೆ ನೂಕತ್ತೆ, ಒಬ್ಬರೇ ಹಿಡೀಬಹುದು. ಆನ್‌ಲೈನಲ್ಲಿ ಬರತ್ತಲ್ಲ ಹಿಗ್ಗಿ ಕುಗ್ಗೋ ಮ್ಯಾಜಿಕ್ ಪೈಪು, ಪಿಸ್ತೂಲಿನ ಹಂಗಿರೋ ಪ್ಲಾಸ್ಟಿಕ್ ಗನ್ನು, ಅದು ಕಾರ್ ತೊಳೆಯೋಕೆ ಸರಿ.

ಔಷಧಿ ಹೊಡೆಯೋ ಪವರ್ ಸ್ಪ್ರೇಯರ್ ಇದೆಯಲ್ಲ, 20-30 ಕೆಜಿ ಪ್ರೆಷರ್ ಕೊಡತ್ತೆ, ಅದೇ ಸಾಕಲ್ವಾ ಅಂತ ಪ್ರತೀ ಸಲ ಒಬ್ರು ಕೇಳ್ತಾರೆ. ಪ್ರೆಷರ್ ಇದೆ, ನೀರಿಲ್ಲ. ಅಡಿಕೆ ಕೊನೆ ತನಕ ಹಾರ್ಸೋಕೆ ಮಾಡಿದ ಯಂತ್ರ ಅದು. ದರಗು ಬೆಂಕಿ ಅಂಚಿಗೆ, ಬೇಲಿ ಸಾಲಿಗೆ ಚೆನ್ನಾಗಾಗತ್ತೆ, ಹತ್ತಿಕೊಂಡ ಅಟ್ಟಕ್ಕೆ ಆಗಲ್ಲ.

ಔಷಧಿ ಮಾತು ಬಂತಲ್ಲ, ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ಅಂಟು ಯಾಕೆ ಹಾಕ್ತೀವಿ? ಕಾಯಿ ಮೇಲೆ ಜಾರದೆ ಹಿಡ್ಕೊಳ್ಳಲಿ ಅಂತ. ಒಣಹುಲ್ಲಿನ ಮೇಲೂ ಬರೀ ನೀರು ಕೆಸುವಿನೆಲೆ ಮೇಲಿನ ಹನಿ ಹಂಗೆ ಉರುಳಿ ಹೋಗತ್ತೆ, ಒಳಗೆ ಇಳಿಯಲ್ಲ, ಮೇಲೆ ಆರಿದಂಗೆ ಕಂಡು ರಾತ್ರಿ ಮತ್ತೆ ಎದ್ದು ಕೂರತ್ತೆ. ಬಕೆಟಿಗೆ ಒಂದು ಮುಷ್ಟಿ ಸೋಪಿನ ಪುಡಿ ಕಲಸಿ ಹೊಯ್ದು ನೋಡಿ, ನೀರು ಹುಲ್ಲಿನೊಳಗೆ ಇಳಿಯೋದು ಕಣ್ಣಿಗೇ ಕಾಣತ್ತೆ. ಆದ್ರೂ ಗೊಣಬೇನ ಕವೆಗೋಲಲ್ಲಿ ಎಳೆದು ಹರಡದೆ ಬೆಂಕಿ ಸಾಯಲ್ಲ.

ಹಂತ 5: ಗುಡ್ಡ ಇಲ್ಲದವರಿಗೆ

ಕೆರೆ ಅಥವಾ ಬಾವಿಯಿಂದ ಪಂಪು. ಕರೆಂಟಿನ ಪಂಪ್ ನಂಬ್ಕೋಬೇಡಿ, ಬೆಂಕಿ ಬಿದ್ದ ಮನೇಲಿ ಮೊದ್ಲು ಮೇಯಿನ್ ಆಫ್ ಮಾಡ್ಬೇಕು. ಡೀಸೆಲ್ಲೋ ಪೆಟ್ರೋಲೋ ಇಂಜಿನ್ ಇರ್ಲಿ. ಪಂಪು ನೀರಿಂದ ಆರೇಳು ಮೀಟರಿಗಿಂತ ಮೇಲೆ ಇರ್ಬಾರ್ದು, ಯಾಕಂದ್ರೆ ಪಂಪು ನೀರನ್ನ ಎಳೆಯಲ್ಲ, ಹೊರಗಿನ ಗಾಳಿ ಒತ್ತಡ ನೂಕಿ ಏರಿಸೋದು, ಅದಕ್ಕೆ ಸಮುದ್ರ ಮಟ್ಟದಲ್ಲೇ 10 ಮೀಟರ್ ಚಿಲ್ಲರೆ ಮಾತ್ರ ತಾಕತ್ತು, ನಮ್ಮ ಎತ್ತರದಲ್ಲಿ ಇನ್ನೂ ಸ್ವಲ್ಪ ಕಮ್ಮಿ. ನೀರಿಗೆ ಇಳಿಬಿಟ್ಟ ಸಕ್ಷನ್ ಪೈಪಲ್ಲಿ ಕೂದಲೆಳೆ ಸೀಳು ಇದ್ರೂ ಏರ್ ಹಿಡಿಯತ್ತೆ. ಅದರ ಬುಡದಲ್ಲಿ ನೀರು ವಾಪಸ್ ಇಳೀದಂಗೆ ತಡೆಯೋ ಫುಟ್ ವಾಲ್ವಲ್ಲಿ ಎಲೆ ಸಿಕ್ಕಿದ್ರೆ ಪಂಪಿನ ನೀರೆಲ್ಲ ಕೆಳಗಿಳಿದು, ಬೇಕಾದ ಹೊತ್ತಲ್ಲಿ ಚೊಂಬು ಹಿಡ್ಕೊಂಡು ಪಂಪಿಗೆ ನೀರು ತುಂಬ್ಸೋ ಕೆಲಸ.

ಪಂಪ್ ತಗೊಳ್ಳುವಾಗ ಡಬ್ಬದ ಮೇಲೆ "ಹೆಡ್ 30 ಮೀಟರ್, ನಿಮಿಷಕ್ಕೆ 600 ಲೀಟರ್" ಅಂತ ಬರೆದಿದ್ರೆ ಎರಡೂ ಒಟ್ಟಿಗೆ ಸಿಗತ್ತೆ ಅಂತ ತಿಳ್ಕೋಬೇಡಿ. 30 ಮೀಟರ್ ಏರಿಸಿದಾಗ ನೀರು ಸೊನ್ನೆ, 600 ಲೀಟರ್ ಬರೋದು ಏರಿಸದೇ ಇದ್ದಾಗ. ಮಧ್ಯದಲ್ಲಿ ಎಷ್ಟು ಅಂತ ಪಂಪಿನ ಕರ್ವ್ (ಯಾವ ಎತ್ತರಕ್ಕೆ ಎಷ್ಟು ನೀರು ಅನ್ನೋ ಗ್ರಾಫು) ತೋರಿಸಿ ಅಂತ ಕೇಳಿ, ತೋರಿಸದಿದ್ರೆ ಬೇರೆ ಅಂಗಡಿ.

ಕೆರೆ ದಂಡೆಗೆ ಲಾರಿ ಬರೋವಷ್ಟು ದಾರಿ ಬಿಡಿ. ಸಾಮಾನ್ಯ ಫೈರ್ ಇಂಜಿನಲ್ಲಿ 4500 ಲೀಟರ್ ಆಸುಪಾಸು ಇರತ್ತೆ, ಅದು ಖಾಲಿ ಆದ್ಮೇಲೆ ಅವ್ರು ಹುಡುಕೋದು ನಿಮ್ಮ ಕೆರೇನೇ. ನಿಮ್ಮ ಲೈನಿನ ತುದೀಲಿ 63 ಮಿಲಿಮೀಟರ್ ಇನ್‌ಸ್ಟಂಟೇನಿಯಸ್ ಕಪ್ಲಿಂಗಿನ (ಒತ್ತಿದ ಕೂಡ್ಲೇ ಸಿಕ್ಕಿಕೊಳ್ಳೋ ಜೋಡಣೆ) ಹೆಣ್ಣು ತುದಿ ಒಂದು ಕೂರಿಸಿಟ್ರೆ ಅವ್ರ ಹೋಸು ಹಾಗೇ ಸೇರತ್ತೆ.

ಹಂತ 6: ಪರೀಕ್ಷೆ

200 ಲೀಟರಿನ ಡ್ರಮ್ಮಿಗೆ ನಾಜಲ್ ಹಿಡಿದು ಮೊಬೈಲಲ್ಲಿ ಟೈಮ್ ನೋಡಿ. ಎರಡು ನಿಮಿಷಕ್ಕೆ ತುಂಬಿದ್ರೆ ಪಾಸು. ನೀರು ಓಡ್ತಿರುವಾಗಲೇ ಗೇಜು ಓದಿ, ಆ ನಂಬರನ್ನ ಗೋಡೆ ಮೇಲೆ ಬರೆದಿಡಿ, ಮುಂದಿನ ವರ್ಷ ಅದಕ್ಕಿಂತ ಕಮ್ಮಿ ಬಂದ್ರೆ ದಾರೀಲಿ ಎಲ್ಲೋ ಕಟ್ಕೊಂಡಿದೆ ಅಂತ. ಮನೆ ಹೆಂಗಸರ ಕೈಲೂ ಒಮ್ಮೆ ನಾಜಲ್ ಹಿಡಿಸಿ, ಬೆಂಕಿ ಬೀಳೋದು ಗಂಡಸರೆಲ್ಲ ಪೇಟೆಗೆ ಹೋದ ದಿನಾನೇ. ಬೆಂಕಿ ಬುಡಕ್ಕೆ ಹೊಡೀರಿ, ಜ್ವಾಲೆ ತುದಿಗಲ್ಲ. ಮುಚ್ಚಿದ ಕೋಣೆ ಒಳಗೆ ನುಗ್ಗಿ ಹೊಡೀಬೇಡಿ, ಒಂದು ಲೀಟರ್ ನೀರು ಸುಮಾರು 1700 ಲೀಟರ್ ಹಬೆ ಆಗತ್ತೆ, ಅದು ವಾಪಸ್ ಬರೋದು ನಿಮ್ಮ ಮುಖಕ್ಕೇ. ಕಾದ ಎಣ್ಣೆಗೆ, ಕರೆಂಟ್ ಇರೋ ಬೋರ್ಡಿಗೆ ನೀರು ಬೇಡವೇ ಬೇಡ.

ಟ್ಯಾಂಕಿನ ಮುಚ್ಚಳಕ್ಕೆ, ಅಬ್ಬಿ (ಗುಡ್ಡದ ಝರಿ) ನೀರು ಒಳಬರೋ ಬಾಯಿಗೆ ಸೊಳ್ಳೆಪರದೆ ಕಟ್ಟೋದು ಮರೀಬೇಡಿ. ಇದು ಇಷ್ಟು ಗಟ್ಟಿಯಾಗಿ ಹೇಳೋಕೆ ಕಾರಣ ಇದೆ. ಹೋದ ಶಿವರಾತ್ರಿಗೆ ನಮ್ಮದೇ ಲೈನ್ ಪರೀಕ್ಷೆ ಮಾಡುವಾಗ ಡ್ರಮ್ಮು ಐದು ನಿಮಿಷ ಆದ್ರೂ ತುಂಬ್ಲಿಲ್ಲ, ಊರಿಗೆಲ್ಲ ಪಾಠ ಹೇಳೋ ನನ್ನ ಮರ್ಯಾದೆ ಹೋಗ್ತಿತ್ತು, ಆಚೆಮನೆ ಅಣ್ಣ ಬೇರೆ ಪಕ್ಕದಲ್ಲೇ ನಿಂತು ನಗ್ತಿದ್ರು. ನಾಜಲ್ ಬಿಚ್ಚಿ ನೋಡಿದ್ರೆ ತೂತಿಗೆ ಅಡ್ಡ ಒಂದು ಕಪ್ಪೆ.